ತಂಡ ಹೋಯಿತು, ಕ್ಲಬ್ ಉಳಿಯಿತು

ಹೊಸದುರ್ಗದ ಬಸ್ ನಿಲ್ದಾಣ. ಮಟಮಟ ಮಧ್ಯಾಹ್ನ. ಊರ ಕಡೆ ಹೋದಾಗೆಲ್ಲ ಅಲ್ಲಿ ಇಳಿದು ಒಂದು ಟೀ ಕುಡಿಯೋದು ನನಗೆ ರೂಢಿ. ಪಕ್ಕದ ಬೆಂಚಿನ ಮೇಲೆ ಹದಿನೈದೋ ಹದಿನಾರೋ ವಯಸ್ಸಿನ ಒಬ್ಬ ಹುಡುಗ ಕೂತಿದ್ದ. ಮೈಮೇಲೆ ಹಳದಿ ಜೆರ್ಸಿ. ಬೆನ್ನ ಮೇಲೆ 10 ನಂಬರು, ಮೇಲೆ ನೇಮಾರ್ ಅಂತ ಹೆಸರು.

"ಏನಪ್ಪಾ, ಬ್ರೆಜಿಲ್ ಅಭಿಮಾನಿನಾ?" ಅಂದೆ.

"ಹೂಂ ಸಾರ್."

"ನೀನೂ ಆಡ್ತೀಯಾ? ಯಾವ ಕ್ಲಬ್ಬಿಗೆ?"

ಹುಡುಗ ಬಾಯಿ ತೆರೆಯೋದರೊಳಗೆ ಅವನ ಪಕ್ಕದಲ್ಲಿದ್ದ ಅಜ್ಜ ಗಾಬರಿಯಾಗಿಬಿಟ್ಟರು. "ಅಯ್ಯೋ, ಅವನು ಕ್ಲಬ್ಬು ಗಿಬ್ಬು ಅಂತೆಲ್ಲ ಹೋಗಲ್ಲ ಸ್ವಾಮಿ. ನನ್ನ ಮೊಮ್ಮಗ. ಒಳ್ಳೆ ಹುಡುಗ."

ನಗಬೇಡಿ. ಅಜ್ಜ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆ ಕ್ಲಬ್ ಅಂದರೆ ಏನು? ಇಸ್ಪೀಟು. ಹಿರಿಯೂರಾಗಲಿ, ಹೊಳಲ್ಕೆರೆಯಾಗಲಿ, ಚಿತ್ರದುರ್ಗವಾಗಲಿ, "ಅವನು ಕ್ಲಬ್ಬಿಗೆ ಹೋಗ್ತಾನೆ" ಅಂದರೆ ಆ ಮನೆಗೆ ಹೆಣ್ಣು ಕೊಡೋರು ಎರಡು ಸಲ ಯೋಚನೆ ಮಾಡ್ತಾರೆ. ಆ ಹುಡುಗನ ಉತ್ತರವೂ ಕೇಳಿ. "ಕ್ಲಬ್ ಇಲ್ಲ ಸಾರ್. ಟೂರ್ನಿ ಬಂದಾಗ ಟೀಮ್ ಮಾಡ್ಕೋತೀವಿ."

ಆ ಒಂದು ಮಾತು ನನ್ನನ್ನು ಸೀದಾ 2016ಕ್ಕೆ ಕರಕೊಂಡು ಹೋಯಿತು. ಯಾಕಂದ್ರೆ ಟೀಮಿಗೂ ಕ್ಲಬ್ಬಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ನಾನೇ ಒಂದು ದಿನ ನಿಮ್ಮೆಲ್ಲರ ಮುಂದೆ ತಪ್ಪು ಓದಿದ್ದೆ.

2016ರ ನವೆಂಬರ್ 29, ಮಂಗಳವಾರ. ನೋಟು ರದ್ದಾಗಿ ಮೂರು ವಾರ. ಬೆಳಗಿನಿಂದ ರಾತ್ರಿವರೆಗೆ ನಮ್ಮ ಪರದೆ ತುಂಬ ಎಟಿಎಂ ಮುಂದಿನ ಸಾಲುಗಳೇ. ಅದರ ಮಧ್ಯೆ ಒಂದು ಸುದ್ದಿ ಬಂತು. ಕೊಲಂಬಿಯಾದಲ್ಲಿ ವಿಮಾನ ಬಿದ್ದಿದೆ, ಅದರಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರರಿದ್ದರು ಅಂತ. ನಾನು ಎರಡೇ ವಾಕ್ಯ ಓದಿದೆ. ಎರಡನೇ ವಾಕ್ಯ ಇದು: "ಇಡೀ ಕ್ಲಬ್ ನಾಶವಾಗಿದೆ." ಮತ್ತೆ ಎಟಿಎಂ ಸಾಲಿಗೆ ಹೋದೆವು.

ಇವತ್ತು ಆ ವಾಕ್ಯವನ್ನು ತಿದ್ದುತ್ತೇನೆ. ನಾಶವಾಗಿದ್ದು ತಂಡ. ಕ್ಲಬ್ ನಾಶವಾಗಲಿಲ್ಲ. ಹೇಗೆ ಉಳಿಯಿತು ಅನ್ನೋದೇ ಇವತ್ತಿನ ವಿಷಯ. ಇದು ಬ್ರೆಜಿಲ್ ಕಥೆ, ನಮಗೇನು ಅಂತ ಚಾನೆಲ್ ಬದಲಾಯಿಸಬೇಡಿ. ಕಥೆ ಚಿತ್ರದುರ್ಗಕ್ಕೇ ಬರುತ್ತೆ.

ಆ ಕ್ಲಬ್ಬಿನ ಹೆಸರು ಶಾಪೆಕೊಯೆನ್ಸೆ. ಊರು ಶಾಪೆಕೊ. ಬ್ರೆಜಿಲ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ರಿಯೊ ನಗರ, ಸಮುದ್ರ, ಕುಣಿತ. ಶಾಪೆಕೊದಲ್ಲಿ ಇದ್ಯಾವುದೂ ಇಲ್ಲ. ದಕ್ಷಿಣದ ಸಾಂತಾ ಕತರೀನಾ ರಾಜ್ಯದ ಒಳನಾಡಿನ ಊರು. ಅಪಘಾತ ನಡೆದ ಹೊತ್ತಿಗೆ ಜನಸಂಖ್ಯೆ ಸುಮಾರು 2 ಲಕ್ಷ. ನಮ್ಮ ಚಿತ್ರದುರ್ಗ ಪಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ದಾವಣಗೆರೆಗಿಂತ ಬಹಳ ಚಿಕ್ಕದು. ಕೋಳಿ ಮತ್ತು ಹಂದಿ ಮಾಂಸ ಸಂಸ್ಕರಿಸುವ ಕಾರ್ಖಾನೆಗಳೇ ಊರಿನ ಜೀವಾಳ. ನಮಗೆ ಅಡಿಕೆ, ತೆಂಗು, ದಾಳಿಂಬೆ ಹೇಗೋ ಅವರಿಗೆ ಕೋಳಿ, ಹಂದಿ.

ಊರಿನ ಕ್ರೀಡಾಂಗಣದ ಹೆಸರು ಅರೀನಾ ಕೊಂಡಾ. ಕೊಂಡಾ ಅಂದರೆ ಆ ಸೀಮೆಯ ಕಾಯಿಂಗಾಂಗ್ ಎಂಬ ಮೂಲನಿವಾಸಿಗಳ ಮುಖಂಡ. ನಮ್ಮ ಚಿತ್ರದುರ್ಗದ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿಟ್ಟಿದ್ದೀವಲ್ಲ, ಹಾಗೇ. ಆ ಕ್ರೀಡಾಂಗಣ ಯಾವ ಶ್ರೀಮಂತನ ಆಸ್ತಿಯೂ ಅಲ್ಲ, ಊರಿನ ನಗರಸಭೆಯದು. ಇದನ್ನು ನೆನಪಿಟ್ಟುಕೊಳ್ಳಿ.

1973ರ ಮೇ 10ರಂದು ಊರಿನ ಎರಡು ಸಣ್ಣ ಕ್ಲಬ್‌ಗಳು ಸೇರಿ ಒಂದಾದವು. ಊರಿಗೆ ಎರಡು ಬಡ ಕ್ಲಬ್ ಇರೋದಕ್ಕಿಂತ ಒಂದು ಗಟ್ಟಿ ಕ್ಲಬ್ ಇರಲಿ ಅಂತ. ಹಸಿರು ಬಣ್ಣ ಹಾಕಿಕೊಂಡರು. ನಾಲ್ಕೇ ವರ್ಷದಲ್ಲಿ, 1977ರಲ್ಲಿ, ರಾಜ್ಯ ಚಾಂಪಿಯನ್ ಆದರು. ಆಮೇಲೆ ಏಳುಬೀಳು, ಸಾಲಸೋಲ. 2009ರಲ್ಲಿ ಅವರು ಎಲ್ಲಿದ್ದರು ಗೊತ್ತಾ? ದೇಶದ ನಾಲ್ಕನೇ ದರ್ಜೆಯಲ್ಲಿ. 2014ರಲ್ಲಿ ಎಲ್ಲಿದ್ದರು? ಮೊದಲನೇ ದರ್ಜೆಯಲ್ಲಿ. ಪೆಲೆ ಆಡಿದ ಸಾಂತೋಸ್ ಕ್ಲಬ್ಬಿನ ಎದುರು, ರಿಯೊದ ಫ್ಲಮೆಂಗೊ ಎದುರು.

ಐದು ವರ್ಷದಲ್ಲಿ ಇದು ಹೇಗೆ ಸಾಧ್ಯ? ಅಲ್ಲಿ ಏಣಿ ಇದೆ ಸ್ವಾಮಿ.

ಏಣಿ ಅಂದರೆ ಏನು, ಬಿಡಿಸಿ ಹೇಳ್ತೀನಿ. ಬ್ರೆಜಿಲ್‌ನ ರಾಷ್ಟ್ರೀಯ ಲೀಗ್‌ನಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಎ ದರ್ಜೆಯಲ್ಲಿ 20 ಕ್ಲಬ್. ವರ್ಷದ ಕೊನೆಗೆ ಕೆಳಗಿನ ನಾಲ್ಕು ಕ್ಲಬ್‌ಗಳು ಬಿ ದರ್ಜೆಗೆ ಇಳೀತಾವೆ, ಬಿ ದರ್ಜೆಯಿಂದ ನಾಲ್ಕು ಹತ್ತುತ್ತವೆ. ಕೆಳಗಿನ ದರ್ಜೆಗಳಲ್ಲೂ ಹತ್ತೋದು, ಇಳಿಯೋದು ಇದ್ದೇ ಇದೆ. ಇದರ ಜೊತೆಗೆ ಪ್ರತಿ ರಾಜ್ಯಕ್ಕೂ ತನ್ನದೇ ಚಾಂಪಿಯನ್‌ಶಿಪ್. ನಮ್ಮ ಶಾಲೆಗಳ ಕ್ರೀಡಾಕೂಟ ಇಲ್ವಾ? ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ಅದೇ ಮಾದರಿ. ಒಂದೇ ವ್ಯತ್ಯಾಸ, ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ ದಿನ ಆ ಏಣಿ ಮುಗಿದುಹೋಗುತ್ತೆ. ಅಲ್ಲಿ ಊರಿಗೆ ಊರೇ ಏಣಿ ಹತ್ತುತ್ತೆ, ನೂರು ವರ್ಷ ಬೇಕಾದರೂ.

ಶಾಪೆಕೊಯೆನ್ಸೆ ಹಾಗೆ ಹತ್ತಿತು. 2009ರಲ್ಲಿ ಡಿ ಬಿಟ್ಟಿತು, 2012ರಲ್ಲಿ ಸಿ ಬಿಟ್ಟಿತು, 2013ರಲ್ಲಿ ಬಿ ದರ್ಜೆಯಲ್ಲಿ ಎರಡನೇ ಸ್ಥಾನ ಪಡೆದು ಮೇಲೆ ಬಂತು. ಆಟಗಾರರ ಎದೆಯ ಮೇಲೆ ಅರೋರಾ ಅಂತ ಒಂದು ಹೆಸರಿತ್ತು. ಅದು ಆ ಊರಿನಲ್ಲೇ ಇರುವ ಸಹಕಾರ ಸಂಸ್ಥೆ. ಹಂದಿ, ಕೋಳಿ ಸಾಕುವ ರೈತರ ಸಹಕಾರದ್ದು. ಒಂದು ಕ್ಷಣ ಯೋಚಿಸಿ. ಭೀಮಸಮುದ್ರದ ಅಡಿಕೆ ಬೆಳೆಗಾರರ ಸಹಕಾರ ಸಂಘದ ಹೆಸರು ಹಾಕಿಕೊಂಡ ಹುಡುಗರು ಮೋಹನ್ ಬಾಗಾನ್ ಎದುರು ಆಡೋಕೆ ಕೋಲ್ಕತ್ತಾಕ್ಕೆ ಹೊರಟ ಹಾಗೆ.

2016ರಲ್ಲಿ ಅವರು ಖಂಡದ ಟೂರ್ನಿಯ ಫೈನಲ್‌ಗೇ ಹೋದರು. ಕೋಪಾ ಸುಡಮೆರಿಕಾನಾ ಅಂತ ಅದರ ಹೆಸರು. ಸೆಮಿಫೈನಲ್‌ನಲ್ಲಿ ಎದುರಾಳಿ ಅರ್ಜೆಂಟೀನಾದ ಸಾನ್ ಲೊರೆಂಜೊ. ಪಂದ್ಯದ ಕೊನೆ ಗಳಿಗೆಯಲ್ಲಿ ಗೋಲಿಗೆ ಹೊರಟಿದ್ದ ಚೆಂಡನ್ನು ಗೋಲ್‌ಕೀಪರ್ ಡ್ಯಾನಿಲೊ ಕಾಲಿನಿಂದ ತಡೆದ. ಆ ಕಾಲು ಅಡ್ಡ ಬರದಿದ್ದರೆ ಆ ವಿಮಾನ ಹತ್ತುವ ಪ್ರಶ್ನೆಯೇ ಇರಲಿಲ್ಲ. ವಿಧಿ ಅನ್ನಿ, ಏನಾದರೂ ಅನ್ನಿ.

ಫೈನಲ್‌ನ ಮೊದಲ ಪಂದ್ಯ ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ. ನವೆಂಬರ್ 28ರ ರಾತ್ರಿ ಬೊಲಿವಿಯಾದಿಂದ ಹೊರಟ ವಿಮಾನ ಮೆಡೆಲಿನ್ ಹತ್ತಿರದ ಬೆಟ್ಟಕ್ಕೆ ಬಡಿಯಿತು. ಕಾರಣ? ಇಂಧನ ಮುಗಿದಿತ್ತು. ದೂರಕ್ಕೆ ಸಾಕಾಗುವಷ್ಟು, ಮೇಲೆ ಒಂದಿಷ್ಟು ಮೀಸಲು ಅಂತ ಇಂಧನ ಇಟ್ಟುಕೊಳ್ಳಬೇಕಾದ ವಿಮಾನ ಖಾಲಿ ಟ್ಯಾಂಕಿನಲ್ಲಿ ಬಿತ್ತು. 77 ಜನರಲ್ಲಿ 71 ಜನ ಸತ್ತರು. ಅವರಲ್ಲಿ 19 ಆಟಗಾರರು. ಕೋಚ್ ಕಾಯೊ ಜೂನಿಯರ್ ಹೋದರು, ಡ್ಯಾನಿಲೊ ಹೋದ. ಪಂದ್ಯದ ವರದಿಗೆ ಹೊರಟಿದ್ದ 20 ಪತ್ರಕರ್ತರು ಹೋದರು. ನಮ್ಮ ವೃತ್ತಿಯವರೇ. ಬದುಕಿದ್ದು ಆರು ಜನ. ಮೂವರು ಆಟಗಾರರು: ಅಲಾನ್ ರುಶೆಲ್, ನೆಟೊ ಮತ್ತು ಗೋಲ್‌ಕೀಪರ್ ಫೋಲ್ಮನ್. ಫೋಲ್ಮನ್‌ನ ಒಂದು ಕಾಲು ಕತ್ತರಿಸಬೇಕಾಯಿತು.

ಆಮೇಲೆ ನಡೆದದ್ದು ನೋಡಿ. ಪಂದ್ಯ ನಡೆಯಬೇಕಿದ್ದ ರಾತ್ರಿ ಮೆಡೆಲಿನ್ ಕ್ರೀಡಾಂಗಣ ತುಂಬಿತ್ತು. ಆಟ ಇರಲಿಲ್ಲ. ಎದುರಾಳಿ ತಂಡದ ಅಭಿಮಾನಿಗಳು ಬಿಳಿ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಮೇಣದಬತ್ತಿ ಹಿಡಿದು ಕೂತಿದ್ದರು. ಎದುರಾಳಿ ಕ್ಲಬ್ ಅಟ್ಲೆಟಿಕೊ ನಾಸಿಯೊನಾಲ್, ಕಪ್ ಅವರಿಗೇ ಕೊಡಿ ಅಂತ ಸಂಘಟಕರಿಗೆ ಹೇಳಿತು. ಡಿಸೆಂಬರ್ 5ರಂದು ಕೊಟ್ಟರು. ಅದೇ ದಿನ ರಾತ್ರಿ ಚೆನ್ನೈನಲ್ಲಿ ಜಯಲಲಿತಾ ತೀರಿಕೊಂಡರು. ನಮ್ಮಲ್ಲಿ ಯಾವ ಚಾನೆಲ್‌ಗೂ ಆ ಕಪ್ ಸುದ್ದಿ ಹೇಳೋಕೆ ಪುರುಸೊತ್ತಿರಲಿಲ್ಲ. ನನಗೂ ಇರಲಿಲ್ಲ.

ಸರಿ, ಕಪ್ ಬಂತು. ಕಪ್ ಇಟ್ಟುಕೊಂಡು ಏನು ಮಾಡೋದು? ಆಡೋಕೆ ಜನ ಬೇಡವಾ?

ಇಲ್ಲಿಗೆ ಬಂತು ನೋಡಿ ಟೀಮಿಗೂ ಕ್ಲಬ್ಬಿಗೂ ಇರುವ ವ್ಯತ್ಯಾಸ. ಹನ್ನೊಂದು ಜನ ಸತ್ತರೆ ಟೀಮ್ ಸಾಯುತ್ತೆ. ಆದರೆ ಶಾಪೆಕೊದಲ್ಲಿ ಕ್ರೀಡಾಂಗಣ ಅಲ್ಲೇ ಇತ್ತು, ಅದು ನಗರಸಭೆಯದು. ಚಂದಾ ಕಟ್ಟುವ ಸದಸ್ಯರಿದ್ದರು, ಹೊಸದಾಗಿ ಸದಸ್ಯರಾಗೋಕೆ ಇನ್ನಷ್ಟು ಜನ ಬಂದರು. ಕೆಳಗಿನ ವಯಸ್ಸಿನ ಹುಡುಗರ ತಂಡಗಳಿದ್ದವು. ಉಸ್ತುವಾರಿ ನೋಡೋಕೆ ಆಡಳಿತ ಮಂಡಳಿಯಲ್ಲಿ ಉಳಿದವರಿದ್ದರು. ಬೇರೆ ಕ್ಲಬ್‌ಗಳು "ನಮ್ಮ ಆಟಗಾರರನ್ನು ಎರವಲು ತಗೊಳ್ಳಿ" ಅಂತ ಮುಂದೆ ಬಂದವು. ಮೂರು ವರ್ಷ ಇವರನ್ನು ಕೆಳಗಿನ ದರ್ಜೆಗೆ ಇಳಿಸಬೇಡಿ ಅಂತಲೂ ಕೇಳಿಕೊಂಡವು.

2017ರ ಜನವರಿ 21. ಅಪಘಾತವಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಅರೀನಾ ಕೊಂಡಾದಲ್ಲಿ ಹೊಸ ತಂಡ ಪಾಲ್ಮೆರಾಸ್ ವಿರುದ್ಧ ಸ್ನೇಹಪೂರ್ವಕ ಪಂದ್ಯಕ್ಕೆ ಇಳಿಯಿತು. ಅಪಘಾತದ ಹಿಂದಿನ ದಿನ ಹಳೆಯ ತಂಡ ಕೊನೆಯ ಪಂದ್ಯ ಆಡಿದ್ದೂ ಇದೇ ಪಾಲ್ಮೆರಾಸ್ ವಿರುದ್ಧ. ಬದುಕಿದ ಮೂವರು ಸೇರಿ ಕಪ್ ಎತ್ತಿದರು. ಪಂದ್ಯ 2-2ರಲ್ಲಿ ಸಮ ಆಯಿತು. 71ನೇ ನಿಮಿಷಕ್ಕೆ ಆಟ ನಿಲ್ಲಿಸಿ, ಸತ್ತ 71 ಜನರನ್ನು ನೆನೆದರು. ಆ ವರ್ಷ ಅವರು ರಾಜ್ಯ ಚಾಂಪಿಯನ್ ಆದರು. ರಾಷ್ಟ್ರೀಯ ಎ ದರ್ಜೆಯಲ್ಲಿ 20 ಕ್ಲಬ್‌ಗಳ ಪೈಕಿ ಎಂಟನೇ ಸ್ಥಾನ. ಯಾರ ದಯೆಯೂ ಬೇಕಾಗಲಿಲ್ಲ, ಮೈದಾನದಲ್ಲೇ ಉಳಿದುಕೊಂಡರು.

ಇದನ್ನು ಸಿನಿಮಾ ಕಥೆ ಮಾಡೋಕೆ ನನಗೆ ಇಷ್ಟವಿಲ್ಲ. 2019ರಲ್ಲಿ ಅವರು ಬಿ ದರ್ಜೆಗೆ ಇಳಿದರು. 2020ರ ಋತುವಿನಲ್ಲಿ ಬಿ ದರ್ಜೆ ಗೆದ್ದು ಮೇಲೆ ಬಂದರು, 2021ರಲ್ಲಿ ಮತ್ತೆ ಇಳಿದರು. ಸಾಲ ಬೆನ್ನು ಬಿಡಲಿಲ್ಲ. ಸತ್ತವರ ಹೆಂಡತಿ ಮಕ್ಕಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದಾಡಿದರು. ಕ್ಲಬ್ ಅಂದರೆ ದೇವಸ್ಥಾನ ಅಲ್ಲ. ಅಲ್ಲೂ ರಾಜಕೀಯ ಇರುತ್ತೆ, ದುಡ್ಡಿನ ಗೋಲ್‌ಮಾಲೂ ನಡೆಯುತ್ತೆ. ಆದರೆ ಇಳಿದರೂ ಮತ್ತೆ ಹತ್ತಬಹುದು. ಯಾಕಂದರೆ ಇಳಿಯೋದು ದರ್ಜೆ, ಕ್ಲಬ್ ಇದ್ದಲ್ಲೇ ಇರುತ್ತೆ.

ಈ ಕ್ಲಬ್ ಅನ್ನೋ ಪದ್ಧತಿ ಬ್ರೆಜಿಲ್‌ನಲ್ಲಿ ಹೇಗೆ ಬೇರು ಬಿಟ್ಟಿತು? ಒಂದೆರಡು ಉದಾಹರಣೆ ಕೊಡ್ತೀನಿ. ಸಾವೊ ಪಾಲೊ ನಗರದ ಕೊರಿಂಥಿಯನ್ಸ್ ಕ್ಲಬ್ಬನ್ನು 1910ರಲ್ಲಿ ಕಟ್ಟಿದವರು ಕೂಲಿ ಕಾರ್ಮಿಕರು. ರಿಯೊದ ವಾಸ್ಕೊ ಡ ಗಾಮಾ ಕ್ಲಬ್ 1923ರಲ್ಲಿ ಕಪ್ಪು ಜನ ಮತ್ತು ಬಡವರು ಇದ್ದ ತಂಡ ಕಟ್ಟಿಕೊಂಡು ಚಾಂಪಿಯನ್ ಆಯಿತು. ದೊಡ್ಡ ಮನೆತನದ ಕ್ಲಬ್‌ಗಳಿಗೆ ಸಹಿಸೋಕಾಗಲಿಲ್ಲ. 12 ಆಟಗಾರರನ್ನು ಕೈಬಿಟ್ಟರೆ ಮಾತ್ರ ನಮ್ಮ ಲೀಗಿಗೆ ಬನ್ನಿ ಅಂದವು. 1924ರಲ್ಲಿ ವಾಸ್ಕೊ ಕಾಗದ ಬರೆದು, ಹಾಗಾದರೆ ನಿಮ್ಮ ಲೀಗೇ ಬೇಡ ಅಂದಿತು. ನಿಮಗೆ ಸರಿಯಾದ ಮೈದಾನವೇ ಇಲ್ಲ ಅನ್ನೋ ಕೊಂಕು ಬಂದಾಗ ಸದಸ್ಯರು ಚಂದಾ ಎತ್ತಿ 1927ರಲ್ಲಿ ಸ್ವಂತ ಕ್ರೀಡಾಂಗಣ ಕಟ್ಟಿದರು. ಪೆಲೆ, ನೇಮಾರ್ ಆಕಾಶದಿಂದ ಉದುರಲಿಲ್ಲ ಸ್ವಾಮಿ. ಇಬ್ಬರೂ ಬಂದಿದ್ದು 1912ರಲ್ಲಿ ಹುಟ್ಟಿದ ಸಾಂತೋಸ್ ಅನ್ನೋ ಒಂದು ಕ್ಲಬ್ಬಿನಿಂದ. ಹೊಸದುರ್ಗದ ಹುಡುಗ ಹಾಕಿದ್ದ ಜೆರ್ಸಿ ದೇಶದ ತಂಡದ್ದು. ಆ ತಂಡವನ್ನು ಹೆತ್ತಿದ್ದು ಕ್ಲಬ್‌ಗಳು.

ಹಾಗಾದರೆ ನಮ್ಮಲ್ಲಿ? ಕರ್ನಾಟಕಕ್ಕೆ ಫುಟ್‌ಬಾಲ್ ಗೊತ್ತೇ ಇಲ್ಲ ಅಂದ್ಕೊಂಡಿದ್ದೀರಾ? ತಪ್ಪು.

ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ದಶಕಗಳ ಕಾಲ ಅದನ್ನು ಗೆದ್ದಿದ್ದು ಬ್ರಿಟಿಷ್ ಸೈನಿಕರ ತಂಡಗಳು. ಅದನ್ನು ಮೊದಲು ಕಿತ್ತುಕೊಂಡ ಭಾರತೀಯರ ಕ್ಲಬ್ ಯಾವುದು ಗೊತ್ತಾ? ಕೋಲ್ಕತ್ತಾದ್ದಲ್ಲ. ನಮ್ಮ ಬೆಂಗಳೂರಿನ ಬ್ಯಾಂಗಲೂರ್ ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಮತ್ತೆ ಗೆದ್ದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ. ನಾವು 1-2ರಿಂದ ಸೋತೆವು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವ'ರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆ ನಿಂತಿದೆ. ಆ ಬಡಾವಣೆಯನ್ನು ಮಿನಿ ಬ್ರೆಜಿಲ್ ಅಂತಾನೇ ಕರೀತಾರೆ.

ಸಂತೋಷ್ ಟ್ರೋಫಿ ಅಂದರೆ ರಾಜ್ಯಗಳ ನಡುವಿನ ಫುಟ್‌ಬಾಲ್. ಮೈಸೂರು ರಾಜ್ಯ ಅದನ್ನು ನಾಲ್ಕು ಸಲ ಗೆದ್ದಿತ್ತು. ಕೊನೆಯದು 1968-69ರಲ್ಲಿ. ಮತ್ತೆ ಗೆದ್ದಿದ್ದು ಯಾವಾಗ? 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ 54 ವರ್ಷ!

ಈ 54 ವರ್ಷದಲ್ಲಿ ಏನಾಯಿತು? ಬೆಂಗಳೂರಿನ ಫುಟ್‌ಬಾಲನ್ನು ಬಹುಕಾಲ ಹೊತ್ತಿದ್ದು ಕಾರ್ಖಾನೆಗಳು ಮತ್ತು ಸೇನೆ. ಎಚ್‌ಎಎಲ್, ಐಟಿಐ, ಬಿಇಎಂಎಲ್, ಎಂಇಜಿ. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ, ಬೆಳಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ತಿಂಗಳಿಗೆ ಸಂಬಳ, ಕೊನೆಗೆ ಪಿಂಚಣಿ. ಎಷ್ಟು ಬಡ ಮನೆಗಳಲ್ಲಿ ಒಲೆ ಉರಿದಿದೆ ಇದರಿಂದ! ಅದಕ್ಕೆ ಕೈ ಮುಗಿಯಬೇಕು. ಆದರೆ ಒಂದು ತೊಡಕಿತ್ತು. ಆ ತಂಡ ಬಡಾವಣೆಯ ಜನರದ್ದಲ್ಲ, ಕಾರ್ಖಾನೆಯದು. ಹೊಸ ನೇಮಕಾತಿ ಕಡಿಮೆಯಾಯಿತು, ತಂಡಗಳು ಸೊರಗಿದವು. ಬಾಗಿಲಲ್ಲಿ ನಿಂತು ತಡೆಯೋಕೆ ಸದಸ್ಯರು ಅಂತ ಯಾರಿದ್ದರು? ಎಚ್‌ಎಎಲ್ ತಂಡ ರಾಷ್ಟ್ರೀಯ ಐ-ಲೀಗ್‌ನಲ್ಲಿ ಆಡ್ತಾ ಇತ್ತು, 2012ರಲ್ಲಿ ಅಲ್ಲಿಂದ ಕೆಳಗೆ ಇಳಿಯಿತು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮಾಲೀಕರು ಜೆಎಸ್‌ಡಬ್ಲ್ಯು, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಸಮೂಹ. ಮೊದಲ ವರ್ಷವೇ ಐ-ಲೀಗ್ ಗೆದ್ದರು. ಇನ್ನೊಂದು ಕಾಕತಾಳೀಯ ಹೇಳ್ತೀನಿ. ಶಾಪೆಕೊಯೆನ್ಸೆ ತನ್ನ ಖಂಡದ ಫೈನಲ್‌ಗೆ ಹೊರಟ ಅದೇ 2016ರ ನವೆಂಬರ್‌ನಲ್ಲಿ, 5ನೇ ತಾರೀಕು, ಬೆಂಗಳೂರು ಎಫ್‌ಸಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಅಲ್ಲಿವರೆಗೆ ಹೋದ ಮೊದಲ ಭಾರತೀಯ ಕ್ಲಬ್ ಅದು. ಇರಾಕ್‌ನ ಕ್ಲಬ್ ಎದುರು 0-1ರಿಂದ ಸೋತರು. ಸುನಿಲ್ ಛೆಟ್ರಿ ಹೆಸರು ಕೂಗುತ್ತಾ ಕಂಠೀರವದ ಗ್ಯಾಲರಿಯಲ್ಲಿ ನಿಂತ ಹುಡುಗರನ್ನು ನೋಡಿದರೆ ಬೇರು ಬಿಡುತ್ತಿದೆ ಅನ್ನಿಸುತ್ತೆ. ಆದರೆ ಏಣಿ? 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಕೆಳಗಿನಿಂದ ಹತ್ತಿ ಬರುವ ದಾರಿಯೇ ಇರಲಿಲ್ಲ. ಐ-ಲೀಗ್ ಗೆದ್ದು ಮೇಲೆ ಹತ್ತಿದ ಮೊದಲ ಕ್ಲಬ್ ಪಂಜಾಬ್‌ನದು, ಅದೂ 2023ರಲ್ಲಿ.

ಈಗ ಬನ್ನಿ ನಮ್ಮ ದುರ್ಗಕ್ಕೆ.

ಕ್ಲಬ್ ಅನ್ನೋ ಇಂಗ್ಲಿಷ್ ಪದ ನೋಡಿ ಹೆದರಬೇಡಿ. ಈ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇತ್ತು. ಅದಕ್ಕೆ ಗರಡಿ ಮನೆ ಅಂತಿದ್ವಿ. ಕೋಟೆಯೊಳಗೇ ಗರಡಿ ಇದೆ, ಹೋಗಿ ನೋಡಿ. ಒಂದು ಜಾಗ, ಕೆಮ್ಮಣ್ಣು, ಒಬ್ಬ ಉಸ್ತಾದ್, ಬೆಳಗಾದರೆ ಬರುವ ಹುಡುಗರು, ಖರ್ಚಿಗೆ ಕೈ ಹಾಕುವ ಊರವರು. ಜಟ್ಟಿ ಮುದುಕನಾದರೆ ಇನ್ನೊಬ್ಬ ಬರ್ತಾನೆ, ಗರಡಿ ಇರುತ್ತೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಬನ್ನಿ. ತಿರುಕ ಅಂತ ಹೆಸರಿಟ್ಟುಕೊಂಡ ರಾಘವೇಂದ್ರ ಸ್ವಾಮೀಜಿ ಯೋಗ, ವ್ಯಾಯಾಮ ಕಲಿಸುತ್ತಾ ಅಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. 1996ರಲ್ಲಿ ಅವರು ತೀರಿಕೊಂಡರು. ಆಶ್ರಮ ತೀರಿಕೊಂಡಿತಾ? ಇಲ್ಲ.

ಅದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನೋಡಿ. ಒಂದು ಹಳ್ಳಿ ಅದು, ನಗರ ಅಲ್ಲ. 1997ರಿಂದ ಅಲ್ಲಿನ ಶಿವಸಂಚಾರ ತಂಡ ನಾಟಕ ಕಟ್ಟಿಕೊಂಡು ವರ್ಷ ವರ್ಷ ರಾಜ್ಯ ಸುತ್ತುತ್ತಾ ಇದೆ. ಕಲಾವಿದರು ಬರ್ತಾರೆ, ಕಲೀತಾರೆ, ಆಡ್ತಾರೆ, ಹೋಗ್ತಾರೆ. ಮುಂದಿನ ವರ್ಷ ಹೊಸ ಕಲಾವಿದರು. ಕಾಯುತ್ತಾ ಕೂರುವ ಪ್ರೇಕ್ಷಕರಿದ್ದಾರೆ, ರಂಗಮಂದಿರ ಇದೆ, ನಡೆಸುವ ಮಠ ಇದೆ. ಒಂದು ಹಳ್ಳಿ ವೃತ್ತಿಪರ ನಾಟಕ ತಂಡ ಸಾಕಬಹುದಾದರೆ ಒಂದು ಜಿಲ್ಲೆ ಒಂದು ಫುಟ್‌ಬಾಲ್ ಕ್ಲಬ್ ಸಾಕೋಕಾಗಲ್ವಾ?

ಟೂರ್ನಿಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಯಾರದೋ ಹುಟ್ಟುಹಬ್ಬಕ್ಕೆ ಕಪ್, ಯಾರದೋ ನೆನಪಿಗೆ ಕಪ್. ರಾತ್ರಿ ಲೈಟು ಹಾಕಿ, ಮೈಕು ಕಟ್ಟಿ, ಬಾಡೂಟ ಮಾಡಿ, ಎರಡು ದಿನದಲ್ಲಿ ಲಕ್ಷಗಟ್ಟಲೆ ಖರ್ಚು. ಮೂರನೇ ದಿನ ಏನು ಉಳಿಯಿತು? ಶಾಮಿಯಾನ ಹಾಕಿದ್ದ ಗುಂಡಿ! ಅದೇ ದುಡ್ಡಿನಲ್ಲಿ ಏನು ಮಾಡಬಹುದಿತ್ತು, ಲೆಕ್ಕ ಹಾಕಿ. ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ. ಬೆಳಗ್ಗೆ ಎರಡು ಗಂಟೆ ಹುಡುಗರಿಗೇ ಅಂತ ಬಿಟ್ಟುಕೊಟ್ಟ ಒಂದು ಮೈದಾನ. ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ತರಬೇತುದಾರ. ಹತ್ತು ವರ್ಷದವರು, ಹದಿಮೂರರವರು, ಹದಿನಾರರವರು ಅಂತ ಮೂರು ಗುಂಪು, ಹೆಣ್ಣುಮಕ್ಕಳಿಗೂ ಅಷ್ಟೇ. ವರ್ಷಕ್ಕೆ ನೂರು ರೂಪಾಯಿ ಚಂದಾ ಕಟ್ಟುವ ಸಾವಿರ ಸದಸ್ಯರು. ಕೊನೆಯದಾಗಿ, ಎಲ್ಲರೆದುರು ಓದುವ ಲೆಕ್ಕಪತ್ರ. ಇದರಲ್ಲಿ ಯಾವುದು ಬ್ರೆಜಿಲ್‌ನಿಂದ ತರಿಸಬೇಕು ಹೇಳಿ?

"ಇದೆಲ್ಲ ಮಾಡಿದರೂ ನಮ್ಮ ಹುಡುಗರು ಗೆಲ್ಲೋದು ಯಾವ ಕಾಲಕ್ಕೆ?" ಅಂತ ಕೇಳ್ತೀರಿ. ಗೊತ್ತು. ಅದಕ್ಕೆ ಉತ್ತರ ಹಿರಿಯೂರಿನಲ್ಲಿದೆ.

ಮಾರಿಕಣಿವೆ, ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ! ನಡುವೆ ಎಷ್ಟೋ ಬೇಸಿಗೆಗಳಲ್ಲಿ ತಳ ಕಂಡಿತ್ತು. "ಇನ್ನು ಈ ಕಟ್ಟೆ ಯಾಕೆ, ಒಡೆದುಹಾಕೋಣ" ಅಂತ ಯಾರಾದರೂ ಅಂದರಾ? ಇಲ್ಲ. ಕಟ್ಟೆಯನ್ನು ಕಾಯ್ದುಕೊಂಡರು. ಅದಕ್ಕೇ 2022ರಲ್ಲಿ ಮಳೆ ಬಂದಾಗ ನೀರು ನಿಲ್ಲೋಕೆ ಜಾಗ ಇತ್ತು. ಕಟ್ಟೆಯೇ ಇಲ್ಲದಿದ್ದರೆ? ಬಂದ ನೀರೆಲ್ಲ ವೇದಾವತಿಯಲ್ಲಿ ಹರಿದು ಹೋಗ್ತಿತ್ತು.

ನಮ್ಮ ಹುಡುಗರು ಹಾಗೇ ಹರಿದು ಹೋಗ್ತಾ ಇದ್ದಾರೆ. ತಂಡ ಅಂದರೆ ನೀರು. ಬರುತ್ತೆ, ಬತ್ತುತ್ತೆ. ಶಾಪೆಕೊದಲ್ಲಿ ಒಂದೇ ರಾತ್ರಿಗೆ ನೀರೆಲ್ಲ ಹೋಯಿತು. ಕಟ್ಟೆ ಇತ್ತು, ಮತ್ತೆ ತುಂಬಿಸಿಕೊಂಡರು. 2016ರಲ್ಲಿ ನಾನು ಓದಿದ ವಾಕ್ಯ ತಪ್ಪಾಗಿದ್ದು ಅದಕ್ಕೇ.

ಹೊಸದುರ್ಗದ ಆ ಅಜ್ಜನಿಗೆ ಅವತ್ತು ನಾನು ಇಷ್ಟೆಲ್ಲ ಹೇಳೋಕಾಗಲಿಲ್ಲ. ಬಸ್ಸು ಬಂತು. ಹತ್ತುವಾಗ ಆ ಹುಡುಗ ಕೇಳಿದ, "ಸಾರ್, ನಮ್ಮ ಕಡೆನೂ ಕ್ಲಬ್ ಮಾಡ್ಬೋದಾ?" ಅಂತ. ನಾನು ಹೂಂ ಅಂದೆ. ಅಜ್ಜ ನನ್ನ ಮುಖ ನೋಡಿದರು, ಇವನ್ಯಾವನು ಮೊಮ್ಮಗನನ್ನು ಕೆಡಿಸೋಕೆ ಬಂದ ಅನ್ನೋ ಹಾಗೆ.

ಅಜ್ಜಾ, ನೀವು ಈ ಪುಸ್ತಕ ಓದೋದು ಅನುಮಾನ. ಯಾರಾದರೂ ಓದಿ ಹೇಳಿದರೆ ಸಾಕು. ನಿಮ್ಮ ಮೊಮ್ಮಗನ್ನ ಕ್ಲಬ್ಬಿಗೆ ಕಳಿಸಿ. ಅಂಥದ್ದೊಂದು ಕ್ಲಬ್ ಕಟ್ಟೋದು ಅವನ ಕೆಲಸ ಅಲ್ಲ, ನಮ್ಮ ಕೆಲಸ.

ಯೋಚನೆ ಮಾಡಿ. ನಮಸ್ಕಾರ.